ಒಂದು ದೇಶ, ಎಷ್ಟೊಂದು ಹೆಸರು

ಜರ್ಮನ್ನರು ತಮ್ಮ ದೇಶವನ್ನು ಜರ್ಮನಿ ಅನ್ನುವುದೇ ಇಲ್ಲ. ಅವರಿಗದು ಡಾಯ್ಚ್‌ಲಾಂಡ್. ಫ್ರೆಂಚರಿಗೆ ಅಲ್‌ಮಾನ್ಯ್, ರೈನ್ ನದಿಯ ಆಸುಪಾಸಿನಲ್ಲಿದ್ದ ಅಲೆಮಾನಿ ಬುಡಕಟ್ಟಿನಿಂದ ಬಂದದ್ದು. ಫಿನ್ಲೆಂಡಿನಲ್ಲಿ ಸಾಕ್ಸಾ, ಅಂದರೆ ಸ್ಯಾಕ್ಸನ್ನರ ಹೆಸರು. ಯಾರ ಪರಿಚಯ ಮೊದಲಾಯಿತೋ ಅವರ ಹೆಸರೇ ಇಡೀ ಜನಕ್ಕೆ ಅಂಟಿಕೊಂಡಿತು ಅಲ್ವಾ. ಇಟಲಿಯಲ್ಲಂತೂ ದೇಶ ಜೆರ್ಮಾನಿಯಾ, ಜನ ಮಾತ್ರ ತೆದೆಸ್ಕಿ.

ಇವತ್ತು ನನ್ನನ್ನು ಜಾಸ್ತಿ ಕಾಡಿದ್ದು ಪೋಲೆಂಡಿನವರ ನ್ಯೆಮ್ತ್ಸಿ. ಅದರ ಬೇರು ‘ಮೂಗ’ ಅನ್ನುವ ಹಳೆಯ ಸ್ಲಾವ್ ಪದ ಅಂತ ಹೆಚ್ಚಿನ ಭಾಷಾತಜ್ಞರು ಹೇಳುತ್ತಾರೆ. ನಮ್ಮ ಮಾತು ಬಾರದವರು ಮೂಗರು! ಅಕ್ಕಪಕ್ಕದಲ್ಲೇ ಬಾಳಿದವರನ್ನು ಹಾಗೆ ಕರೆದರಲ್ಲ ಅಂತ ಬೇಜಾರಾಯಿತು. ಈಗ ವಾರ್ಸಾದಲ್ಲಿ ಅದು ಬೈಗುಳವಲ್ಲ, ಸುಮ್ನೆ ಒಂದು ಹೆಸರು. ಅದೇ ಪದ ತುರ್ಕರ ಬಾಯಿಗೆ ಬಂದು, ಅಲ್ಲಿಂದ ಅರಬ್ಬಿಗೆ ದಾಟಿ, ಆಸ್ಟ್ರಿಯಾ ದೇಶಕ್ಕೆ ‘ಅನ್ನಮ್ಸಾ’ ಅನ್ನುವ ಹೆಸರಾಗಿ ಇವತ್ತಿಗೂ ಬಳಕೆಯಲ್ಲಿದೆ.