ನಿಂತ ಲಾರಿಗೇ ಮಸಿ ಜಾಸ್ತಿ

ಸಕ್ಕರಿ ಫ್ಯಾಕ್ಟರಿ ಮುಂದ ತಾಸುಗಟ್ಟಲೆ ಐಡ್ಲಿಂಗ್‌ನ್ಯಾಗ (ಇಂಜಿನ್ ಚಾಲೂ ಇಟ್ಟು) ನಿಂತ ಲಾರಿಯ ಸೈಲೆನ್ಸರ್ ಸರಿಯಾಗಿ ಕಾಯೂದಿಲ್ಲ. ಹೊಗಿಯೊಳಗಿನ ಮಸಿ ಹಿಡಿಯೋ ಫಿಲ್ಟರ್ ಅಂದ್ರ ಡಿಪಿಎಫ್, ಅದರಾಗಿನ ಮಸಿ ಸುಡಾಕ ಡೀಸೆಲ್ ಹೊಡಿಯೋ ಇಂಜೆಕ್ಟರಿನ ತುದಿಗೇ ಮಸಿ ಕಟ್ಟತೈತಿ. ದುಡಿಯೂ ಗಾಡಿಕಿಂತ ನಿಂತ ಗಾಡೀನ ಲಗೂ ಕೆಡತೈತಲ್ಲ ಅಂತ ಮನಸಿಗೆ ಕೆಟ್ಟ ಅನಸತೈತಿ.

ಇಂಜಿನ್ ಪೂರಾ ಆರಿದ ಮ್ಯಾಲ, ಡೀಸೆಲ್ ಲೈನಿನ ಪ್ರೆಶರ್ ಇಳಿಸಿ ಇಂಜೆಕ್ಟರ್ ಬಿಚ್ರಿ. ತುದಿಯಷ್ಟ ಕಾರ್ಬನ್ ಕ್ಲೀನರ್‌ನ್ಯಾಗ ನೆನಸಿ, ನೈಲಾನ್ ಬ್ರಶ್‌ಲೇ ತಿಕ್ರಿ, ವೈರಿನ ಕನೆಕ್ಟರ್ ತೊಯ್ಯಬಾರದು. ತೂತಿಗೆ ತಂತಿ ಮಾತ್ರ ಹಾಕಬ್ಯಾಡ್ರಿ. ತೂತು ಹಿಗ್ಗಿದ್ರ ಡೀಸೆಲ್ ಮಂಜಾಗಿ ಹಾರೂದು ಬಿಟ್ಟು ಹನಿಹನಿ ಬೀಳತೈತಿ, ಬಿಳಿ ಹೊಗಿ ಬರತೈತಿ. ಗ್ಯಾಸ್ಕೆಟ್ ಹೊಸಾದ ಇರಲಿ, ಹಳೇದು ಲೀಕ್ ಆಗತೈತಿ.

ಆಮ್ಯಾಲ ನಿಂತಲ್ಲೇ ರಿಜನರೇಶನ್, ಅಂದ್ರ ಡಿಪಿಎಫ್‌ನ್ಯಾಗಿನ ಮಸಿ ಸುಡೂದು. ಆವಾಗ ಒಳಗ ಸುಮಾರು 550–600 ಡಿಗ್ರಿ ಸೆಲ್ಸಿಯಸ್ ಕಾವು. ಕಬ್ಬಿನ ರವದಿ ಬಿದ್ದಲ್ಲಿ ಬ್ಯಾಡ, ಗಾಡಿ ಬಯಲಿಗೆ ತಂದು ಹಚ್ರಿ.