ಕೂದಲೆಳೆಯಲ್ಲಿ ಉಳಿಯುವ ವಿಷದ ಲೆಕ್ಕ

ಕಳೆದ ಬೇಸಿಗೆಯಲ್ಲಿ ನನ್ನ ತಂಗಿ ಆರು ವರ್ಷದ ಮಗಳ ಕೂದಲಿನ ಪರೀಕ್ಷಾ ವರದಿಯನ್ನು ನನಗೆ ಕಳುಹಿಸಿದಳು. ಮಗುವಿಗೆ ಊಟ ಸೇರುವುದಿಲ್ಲ, ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದು ಯಾರದೋ ಸಲಹೆಯಂತೆ ಒಂದು ಖಾಸಗಿ ಪ್ರಯೋಗಾಲಯಕ್ಕೆ ಕೂದಲು ಕೊಟ್ಟಿದ್ದರು. ಬಂದ ವರದಿಯಲ್ಲಿ ಧಾತುಗಳ ಉದ್ದನೆಯ ಪಟ್ಟಿಯಿತ್ತು, ಸೀಸದ ಮುಂದಿನ ಗೆರೆ ಕೆಂಪು ಪಟ್ಟಿಯೊಳಕ್ಕೆ ಚಾಚಿತ್ತು, ಕೊನೆಯಲ್ಲಿ ದೇಹದಿಂದ ಲೋಹವನ್ನು ಹೊರಹಾಕುವ ಚಿಕಿತ್ಸೆಯ ಸಲಹೆಯೂ ಇತ್ತು. ರಸಾಯನಶಾಸ್ತ್ರ ಕಲಿಸುವವಳಾದ ನಾನು ಇದಕ್ಕೆ ಏನನ್ನುತ್ತೇನೆ ಎಂಬುದು ಅವಳ ಪ್ರಶ್ನೆಯಾಗಿತ್ತು.

ಕೂದಲಿಗೆ ಲೋಹವನ್ನು ಹಿಡಿದಿಡುವ ಗುಣವಿರುವುದು ನಿಜ. ಬುಡದಲ್ಲಿ ಬೆಳೆಯುತ್ತಿರುವಾಗ ಅದಕ್ಕೆ ರಕ್ತದ ಸಂಪರ್ಕವಿರುತ್ತದೆ. ಅದರ ಕೆರಾಟಿನ್ ಎಂಬ ಪ್ರೋಟೀನಿನಲ್ಲಿ ಗಂಧಕ ಹೇರಳವಾಗಿದೆ. ಪಾದರಸ, ಆರ್ಸೆನಿಕ್‌ನಂಥ ಧಾತುಗಳು ಆ ಗಂಧಕಕ್ಕೆ ಬಲವಾಗಿ ಅಂಟಿಕೊಳ್ಳುತ್ತವೆ. ಚರ್ಮದಿಂದ ಹೊರಬಂದ ಕೂದಲಿಗೆ ರಕ್ತದ ನಂಟು ಕಡಿದುಹೋಗುವುದರಿಂದ ಅಂದಿನ ಲೆಕ್ಕ ಅಲ್ಲಿಯೇ ಉಳಿಯುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದ ತುದಿ ಯಾವುದೆಂದು ಗುರುತಿಟ್ಟು ತುಂಡುತುಂಡಾಗಿ ಅಳೆದರೆ ಹಿಂದಿನ ತಿಂಗಳುಗಳನ್ನು ಒಂದೊಂದಾಗಿ ಓದಬಹುದು.

ಇದನ್ನು ಜಗತ್ತು ಚೆನ್ನಾಗಿ ಕಂಡದ್ದು ಇರಾಕ್‌ನಲ್ಲಿ. 1971–72ರ ಚಳಿಗಾಲದಲ್ಲಿ, ಮೀಥೈಲ್ ಪಾದರಸ ಎಂಬ ಪಾದರಸದ ಸಂಯುಕ್ತವಿದ್ದ ಶಿಲೀಂಧ್ರನಾಶಕ ಲೇಪಿಸಿ ಬಿತ್ತನೆಗೆಂದು ಕೊಟ್ಟ ಗೋಧಿಯನ್ನು ರೈತ ಕುಟುಂಬಗಳು ರೊಟ್ಟಿ ಮಾಡಿ ತಿಂದವು. ಚೀಲದ ಮೇಲಿನ ಎಚ್ಚರಿಕೆ ಅವರ ಭಾಷೆಯಲ್ಲಿ ಇರಲಿಲ್ಲ. ಆಸ್ಪತ್ರೆಗೆ ಸೇರಿದವರು 6,530 ಮಂದಿ, ಅಲ್ಲಿ ಸತ್ತವರು 459. ರೋಗದ ಲಕ್ಷಣಗಳು ಕಾಣಿಸಿಕೊಳ್ಳುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ರೊಟ್ಟಿ ತಿಂದು ವಾರಗಳೇ ಕಳೆದಿದ್ದವು. ಆದರೆ ಹೆಂಗಸರ ನೀಳ ಕೂದಲಲ್ಲಿ ಪಾದರಸ ಯಾವ ತಿಂಗಳು ಏರಿತು, ಎಲ್ಲಿಗೆ ಮುಟ್ಟಿತು, ಯಾವಾಗ ಇಳಿಯಿತು ಎಂಬುದೆಲ್ಲ ಉಳಿದಿತ್ತು. ಬಸುರಿಯಾಗಿದ್ದಾಗ ತಾಯಿಯ ದೇಹ ಸೇರಿದ ಪಾದರಸಕ್ಕೂ ಹುಟ್ಟಿದ ಮಗು ನಡೆಯಲು, ಮಾತಾಡಲು ತಡಮಾಡಿದ್ದಕ್ಕೂ ಇರುವ ಸಂಬಂಧವನ್ನು ಹುಡುಕಲು ಸಾಧ್ಯವಾದದ್ದು ಆ ಕೂದಲಿನಿಂದಲೇ. ಆ ತಾಯಂದಿರನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆದರೆ ಮೀಥೈಲ್ ಪಾದರಸ ಹೊಟ್ಟೆಯ ಮೂಲಕ ಒಳಹೊಕ್ಕು, ರಕ್ತದ ಮೂಲಕ ಕೂದಲನ್ನು ಸೇರುವಂಥದ್ದು. ಸೀಸ, ಆರ್ಸೆನಿಕ್ ಹಾಗಲ್ಲ. ಅವು ಧೂಳಿನಿಂದ, ಸ್ನಾನದ ನೀರಿನಿಂದ, ಕೂದಲಿಗೆ ಹಚ್ಚುವ ಬಣ್ಣದಿಂದ, ಬೈತಲೆಗೆ ಇಡುವ ಕಲಬೆರಕೆಯ ಸಿಂಧೂರದಿಂದಲೂ ಬಂದು ಕೂರುತ್ತವೆ. ಹೊರಗಿನಿಂದ ಅಂಟಿದ್ದನ್ನೂ ಒಳಗಿನಿಂದ ಬಂದದ್ದನ್ನೂ ಖಚಿತವಾಗಿ ಬೇರ್ಪಡಿಸುವ ತೊಳೆಯುವ ವಿಧಾನ ಇಲ್ಲ. ಹಗುರವಾಗಿ ತೊಳೆದರೆ ಹೊರಗಿನದು ಉಳಿಯುತ್ತದೆ, ಗಟ್ಟಿಯಾಗಿ ತೊಳೆದರೆ ಒಳಗಿನದೂ ಹೋಗುತ್ತದೆ.

ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅದರ ಸಮೀಪದ ಮಂಗಳೂರು (ಕರಾವಳಿಯದಲ್ಲ) ಎಂಬ ಊರಿನ ಕಡೆ ಹಳೆಯ ಚಿನ್ನದ ಗಣಿಯಿದ್ದು, ಚಿನ್ನದ ಅದಿರಿನ ಜೊತೆಗೇ ಆರ್ಸೆನಿಕ್ ಇರುವ ಕಲ್ಲು ಮೇಲೆ ಬಂದಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 59 ಕೊಳವೆಬಾವಿಗಳ ಪೈಕಿ ಶೇ 79ರಲ್ಲಿ ಆರ್ಸೆನಿಕ್ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಒಂದರಲ್ಲಿ 303 ಇತ್ತು. ಕೂದಲು, ಉಗುರು ಕೊಟ್ಟ 171 ಮಂದಿಯಲ್ಲಿ ಎಲ್ಲರಲ್ಲೂ ಪ್ರಮಾಣ ಹೆಚ್ಚಾಗಿತ್ತು. ಗಣಿಯ ಕಸ ಮಣ್ಣಿನಲ್ಲಿ ಬೆರೆತಿರುವ ಊರಿನಲ್ಲಿ ಅದರಲ್ಲಿ ಒಂದಷ್ಟು ಪಾಲು ಹೊರಗಿನ ಧೂಳಿನದೂ ಆಗಿರಬಹುದು. ಆದರೂ ಆ ಕೂದಲಿನ ಸಾಕ್ಷಿ ನಿಲ್ಲುವುದು, ಅದರ ಪಕ್ಕದಲ್ಲಿ ನೀರಿನ ಲೆಕ್ಕವೂ, ಪರೀಕ್ಷೆಗೆ ಒಳಗಾದ 181 ಜನರಲ್ಲಿ ಶೇ 58.6 ಮಂದಿಯ ಚರ್ಮದಲ್ಲಿ ಕಂಡ ಆರ್ಸೆನಿಕ್‌ನ ಗುರುತುಗಳೂ ಇದ್ದುದರಿಂದ. ಇಡೀ ಊರಿನ ನೀರು ಕೆಟ್ಟಿದೆ ಎಂದು ತೋರಿಸುವುದಕ್ಕೆ ಇದು ಬಲವಾದ ಆಧಾರ. ಒಬ್ಬ ವ್ಯಕ್ತಿಗೆ ಮದ್ದು ಬರೆಯುವುದಕ್ಕೆ ಕೂದಲಿನ ಒಂದೇ ಅಂಕಿ ಸಾಲದು.

ಅಂಕಿಯೇ ಸರಿಯಿರುತ್ತದೆ ಎಂಬ ಭರವಸೆಯೂ ಇಲ್ಲ. 2001ರಲ್ಲಿ ಅಮೆರಿಕದಲ್ಲಿ ಒಬ್ಬರೇ ಆರೋಗ್ಯವಂತರ ಕೂದಲನ್ನು ಹಂಚಿ ಆರು ಪ್ರಯೋಗಾಲಯಗಳಿಗೆ ಕಳುಹಿಸಿದಾಗ, 12 ಖನಿಜಗಳಲ್ಲಿ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಿಗಳ ನಡುವೆ ಹತ್ತು ಪಟ್ಟಿಗೂ ಮಿಕ್ಕ ಅಂತರವಿತ್ತು. ಇಂಥ ವರದಿಯನ್ನು ನಂಬಿ ಮಗುವಿಗೆ ಲೋಹ ಹೊರಹಾಕುವ ಔಷಧಿ ಕೊಡುವುದನ್ನು ನೆನೆದರೇ ನನಗೆ ಹೆದರಿಕೆಯಾಗುತ್ತದೆ: 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಅಂಥ ಔಷಧಿಯಿಂದ ರಕ್ತದ ಕ್ಯಾಲ್ಸಿಯಂ ಕುಸಿದು ಐದು ವರ್ಷದ ಬಾಲಕನೊಬ್ಬ ತೀರಿಕೊಂಡ.

ಸೀಸಕ್ಕೆ ರಕ್ತವನ್ನೇ ನೋಡಬೇಕು, ಅಲ್ಲಿಯತನಕ ಯಾವ ಮದ್ದೂ ಬೇಡ ಎಂದು ತಂಗಿಗೆ ಬರೆದೆ. ಮಕ್ಕಳ ವೈದ್ಯರು ತೋಳಿನಿಂದ ರಕ್ತ ತೆಗೆಸಿದರು. ಸೀಸ ಡೆಸಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಕಡಿಮೆಯಿತ್ತು. ಆದರೆ ಹಿಮೋಗ್ಲೋಬಿನ್ 9.4ಕ್ಕೆ ಇಳಿದಿತ್ತು, ಕಬ್ಬಿಣಾಂಶದ ಕೊರತೆ ಸ್ಪಷ್ಟವಾಗಿತ್ತು. ಯುಗಾದಿಗೆ ಮೊದಲು ಮನೆಯ ಹಳೆಯ ಕಿಟಕಿಗಳ ಬಣ್ಣ ಕೆರೆಸಿದ್ದು ಆಗ ತಂಗಿಗೆ ನೆನಪಾಯಿತು; ಹಳೆಯ ಬಣ್ಣದ ಧೂಳಿನಲ್ಲಿ ಸೀಸವಿರಬಹುದು. ಕಬ್ಬಿಣ ಕಡಿಮೆಯಿರುವ ಮಗುವಿನ ಕರುಳು ಸೀಸವನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ, ಕಿಟಕಿಗಳನ್ನೂ ನೆಲವನ್ನೂ ಒದ್ದೆ ಬಟ್ಟೆಯಿಂದ ಒರೆಸಲು ಹೇಳಿದ ವೈದ್ಯರು ಕಬ್ಬಿಣದ ಸಿರಪ್ ಬರೆದುಕೊಟ್ಟು, ಮೂರು ತಿಂಗಳ ನಂತರ ಮತ್ತೊಮ್ಮೆ ರಕ್ತ ನೋಡೋಣ ಎಂದರು.