ಗಿಲಕಿ ಹಿಡಿದು ಕಲಿತ ಇಂಗ್ಲಿಷ್

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಇಂಗ್ಲಿಷ್ ಮೇಷ್ಟ್ರು ಜೇಬಿನಿಂದ ಒಂದು ಗಿಲಕಿ ತೆಗೆದು ಮೇಜಿನ ಮೇಲಿಟ್ಟರು. ನೋಡಿದ ಕೂಡಲೇ ಅದು ನಮ್ಮ ಮನೆಯದು ಅಂತ ನನಗೆ ಗೊತ್ತಾಯಿತು. ಹಳದಿ ಮೈ, ಎರಡು ತುದಿಗೂ ಕೆಂಪು, ನಡುವೆ ದಾರದಷ್ಟು ತೆಳು ಹಸಿರು ಗೆರೆ. ಆ ಗೆರೆ ಎಳೆಯುವಾಗ ಅಪ್ಪ ಉಸಿರು ಬಿಗಿ ಹಿಡಿಯುತ್ತಿದ್ದರು.

ಚನ್ನಪಟ್ಟಣದಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಈಗ ಓದುತ್ತಿರುವ ಮಕ್ಕಳಿಗಾಗಿ ಬರೆಯುತ್ತೇನೆ. ಹಾಲೆ ಮರದ ತುಂಡನ್ನು ಒಣಗಿಸಿ ಮಿಷನ್ನಿಗೆ ಸಿಕ್ಕಿಸುತ್ತಾರೆ. ಮರ ತಿರುಗುತ್ತಿರುವಾಗ ಉಳಿ ಹಿಡಿದು ಆಕಾರ ಕೊಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಒಣಗಿದ ಕೇದಗೆ ಎಲೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಬೆಳಗ್ಗೆ ಎದ್ದರೆ ಆ ಬಿಸಿ ಅರಗಿನ ವಾಸನೆ, ರಾತ್ರಿ ಮಲಗಿದರೂ ಅದೇ ವಾಸನೆ.

ನಮ್ಮದು ಕನ್ನಡ ಮೀಡಿಯಂ. ಆಗ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿಗೆ. ಪ್ಯಾಸಿವ್ ವಾಯ್ಸ್ (ಕನ್ನಡದ ಕರ್ಮಣಿ ಪ್ರಯೋಗ) ಅಂದರೆ ನಮಗೆ ಗೊತ್ತಿದ್ದದ್ದು ಒಂದೇ ಆಟ. ರಾಮ ರಾವಣನನ್ನು ಕೊಂದ, ರಾವಣ ರಾಮನಿಂದ ಕೊಲ್ಲಲ್ಪಟ್ಟ. ಹೆಸರುಗಳನ್ನು ಅದಲು ಬದಲು ಮಾಡು, ನಡುವೆ ‘ಬೈ’ ಸೇರಿಸು, ಮಾರ್ಕ್ಸ್ ತಗೋ. ಅಷ್ಟೇ ಆಗಿತ್ತು ವಿದ್ಯೆ.

ಮೇಷ್ಟ್ರು ಗಿಲಕಿಯನ್ನು ಅಲ್ಲಾಡಿಸಿ, “ಇದರ ಬಗ್ಗೆ ಕನ್ನಡದಲ್ಲೇ ಹೇಳಿ, ನಾನು ಬರೀತೀನಿ” ಅಂದರು. ಹುಡುಗರು ಕೂಗಿದರು. ಮರದಿಂದ ಮಾಡಿದ್ದು. ಅರಗಿನಿಂದ ಬಣ್ಣ ಹಚ್ಚಿದ್ದು. ಉಳಿಯಿಂದ ಕೆತ್ತಿದ್ದು. ಯಾರೋ ನನ್ನನ್ನು ತೋರಿಸಿ, ಇವಳ ಅಪ್ಪನಿಂದ ಮಾಡಲ್ಪಟ್ಟಿದ್ದು ಅಂದ. ಇಡೀ ಕ್ಲಾಸು ನಕ್ಕಿತು.

“ಯಾಕೆ ನಕ್ಕಿರಿ?” ಅಂದರು ಮೇಷ್ಟ್ರು. “ನೀನು ಹೇಳಮ್ಮ. ಮನೆಗೆ ಬಂದವರಿಗೆ ನೀನು ಹಾಗೆ ಹೇಳ್ತೀಯಾ?”

“ಇಲ್ಲ ಸಾರ್. ಇದು ನಮ್ಮಪ್ಪ ಮಾಡಿದ್ದು ಅಂತೀನಿ.”

“ಸರಿ. ಕನ್ನಡದಲ್ಲಿ ‘ಅಲ್ಪಟ್ಟಿತು’ ಅಂತ ಯಾರೂ ಮಾತಾಡಲ್ಲ. ವಸ್ತುವನ್ನ ಮುಂದಕ್ಕೆ ತಂದು ‘ಮಾಡಿದ್ದು’, ‘ಕಟ್ಟಿದ್ದು’ ಅಂದುಬಿಡ್ತೀವಿ. ಇಂಗ್ಲಿಷಿನವರು ಮಾತ್ರ ಅದನ್ನ ದಿನಾ ಆಡ್ತಾರೆ. ಹೇಗೆ ಆಡ್ತಾರೆ ಅಂತ ನೋಡೋಣ ಬನ್ನಿ.”

ಬೋರ್ಡಿನ ಮೇಲೆ ಎಲ್ಲ ‘ಇಂದ’ಗಳನ್ನೂ ಒಂದರ ಕೆಳಗೆ ಒಂದು ಬರೆದು, ಪಕ್ಕದಲ್ಲಿ ಇಂಗ್ಲಿಷ್ ಬರೆಯುತ್ತಾ ಹೋದರು. ಮರದಿಂದ ಮಾಡಿದ್ದು, ‘ಮೇಡ್ ಆಫ್ ವುಡ್’. ಅರಗಿನಿಂದ ಬಣ್ಣ ಹಚ್ಚಿದ್ದು, ‘ಕೋಟೆಡ್ ವಿತ್ ಲ್ಯಾಕ್’. ಅಪ್ಪನಿಂದ ಮಾಡಲ್ಪಟ್ಟಿದ್ದು, ‘ಮೇಡ್ ಬೈ ಮೈ ಫಾದರ್’. ನಮ್ಮ ಒಂದೇ ‘ಇಂದ’ ಅಲ್ಲಿ ಮೂರು ಮನೆ ಮಾಡಿಕೊಂಡಿತ್ತು. ಅಷ್ಟು ವರ್ಷ ನಾವು ಎಲ್ಲದಕ್ಕೂ ‘ಬೈ’ ಅಂತ ಬರೆದು ಯಾಕೆ ತಪ್ಪು ಮಾಡುತ್ತಿದ್ದೆವು ಅನ್ನುವುದು ಆ ಒಂದು ಬೋರ್ಡಿನಲ್ಲಿ ಕಣ್ಣಿಗೆ ಕಾಣಿಸಿತು. ನಾವು ದಡ್ಡರಾಗಿರಲಿಲ್ಲ. ಕನ್ನಡದಲ್ಲಿ ಒಂದಾಗಿರುವುದನ್ನು ಒಂದೇ ಅಂದುಕೊಂಡಿದ್ದೆವು.

ಅಲ್ಲಿಗೆ ನಿಲ್ಲಿಸಲಿಲ್ಲ. “ಬೆಣ್ಣೆ ಯಾವುದರಿಂದ ಆಗುತ್ತೆ?” ಹಾಲಿನಿಂದ. “ಬೆಣ್ಣೆಯಲ್ಲಿ ಹಾಲು ಕಾಣುತ್ತಾ?” ಇಲ್ಲ. “ಗಿಲಕಿಯಲ್ಲಿ ಮರ ಕಾಣುತ್ತಾ?” ಕಾಣುತ್ತೆ. ಗಿಲಕಿಗೆ ‘ಮೇಡ್ ಆಫ್’, ಬೆಣ್ಣೆಗೆ ‘ಮೇಡ್ ಫ್ರಮ್’. ಮೂಲ ವಸ್ತು ಗುರುತು ಸಿಗುವಂತಿದ್ದರೆ ‘ಆಫ್’, ರೂಪ ಬದಲಾಗಿ ಹೋಗಿದ್ದರೆ ‘ಫ್ರಮ್’. ಇಂಗ್ಲಿಷಿನವರು ಕಲ್ಲಿನ ಮೇಲೆ ಗೆರೆ ಕೊರೆದ ಹಾಗೆ ಇದನ್ನು ಪಾಲಿಸುತ್ತಾರೆ ಅಂತಲ್ಲ. ಆದರೆ ಈ ದಾರಿ ಹಿಡಿದರೆ ಸಾಮಾನ್ಯವಾಗಿ ಎಡವುವುದಿಲ್ಲ. ಇನ್ನು ಅಡುಗೆಯಲ್ಲಿ ಒಂದು ಪದಾರ್ಥ ಹಾಕಿದೆ ಅಂತ ಹೇಳುವಾಗ ‘ಮೇಡ್ ವಿತ್’. ಬೆಲ್ಲ ಹಾಕಿ ಮಾಡಿದ ಪಾಯಸಕ್ಕೆ ಅದು ಒಪ್ಪುತ್ತದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಸಾರ್, ನಿನ್ನೆ ಕಿಟಕಿ ಗಾಜು ಚೆಂಡಿನಿಂದ ಒಡೀತು. ಅದು ‘ವಿತ್’ ಅಲ್ವಾ?” ಒಡೆದದ್ದು ಅವನೇ ಅಂತ ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಬೈಯಲಿಲ್ಲ. “ಚೆಂಡು ಬಂದು ಬಡೀತು, ಒಡೀತು ಅಷ್ಟೇ ಅಂತ ಹೇಳೋದಾದ್ರೆ ‘ಬೈ ಎ ಬಾಲ್’. ಯಾರೋ ಕೈಯಲ್ಲಿ ಕಲ್ಲು ಹಿಡಿದು ಬೇಕಂತ ಒಡೆದಿದ್ರೆ ‘ವಿತ್ ಎ ಸ್ಟೋನ್’. ನಿಂದು ಯಾವುದು?” ಅವನು ‘ಬೈ ಸಾರ್, ಬೈ’ ಅಂತ ಕೂತ. ಆ ವ್ಯತ್ಯಾಸವನ್ನು ನಾನು ಇವತ್ತಿಗೂ ಮರೆತಿಲ್ಲ.

ಮುಂದಿನ ವಾರ ‘ನೋನ್’ ಪದದ ಸರದಿ. ನಮ್ಮ ಊರು ಗೊಂಬೆಗಳಿಗೆ ಹೆಸರುವಾಸಿ, ಅದಕ್ಕೆ ‘ನೋನ್ ಫಾರ್’. ಗೊಂಬೆಗಳ ಊರು ಅಂತಲೇ ಕರೆಯುತ್ತಾರೆ, ಅದಕ್ಕೆ ‘ನೋನ್ ಆ್ಯಸ್’. ಅವರು ನನಗೆ ಪರಿಚಯ, ಅದಕ್ಕೆ ‘ನೋನ್ ಟು ಮಿ’. ಮುಂದಿರುವ ಪದ ಒಂದೇ, ಹಿಂದೆ ಬರುವ ಚಿಕ್ಕ ಪದ ಬದಲಾದರೆ ಅರ್ಥವೇ ಬೇರೆ. ಅದೇ ವರ್ಷ ಅಕ್ಕನ ಮದುವೆ ಆಗಿತ್ತು. ನಾನು ‘ಮ್ಯಾರೀಡ್ ವಿತ್’ ಅಂತ ಬರೆದಿದ್ದೆ. ನಮ್ಮಲ್ಲಿ ಮದುವೆ ಒಬ್ಬರ ಜೊತೆ ಆಗುತ್ತದೆ ತಾನೇ? ಇಂಗ್ಲಿಷಿನಲ್ಲಿ ‘ಟು’. ಅದಕ್ಕೆ ಕಾರಣ ಹುಡುಕಬೇಡ, ಹೆಸರಿನ ಜೊತೆ ಇನಿಷಿಯಲ್ ನೆನಪಿಟ್ಟುಕೊಳ್ಳೋ ಹಾಗೆ ಜೊತೆಯಲ್ಲೇ ನೆನಪಿಟ್ಟುಕೋ ಅಂದರು. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಆಮೇಲೂ ಸಿಕ್ಕಿಲ್ಲ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ‘ಟೇಕನ್ ಕೇರ್ ಆಫ್’. ಮಗುವನ್ನು ಅಜ್ಜಿ ನೋಡಿಕೊಂಡಳು ಅನ್ನುವುದನ್ನು ತಿರುಗಿಸಿ ಬರೆಯುವಾಗ ನಾನು ‘ಟೇಕನ್ ಕೇರ್ ಬೈ’ ಅಂತ ಬರೆದೆ. ‘ಆಫ್’ ಆದ ಕೂಡಲೇ ‘ಬೈ’ ಬಂದರೆ ಏನೋ ತಪ್ಪು ಅನ್ನಿಸಿ ಒಂದನ್ನು ಹೊಡೆದು ಹಾಕಿದ್ದೆ. ಮೇಷ್ಟ್ರು ಕೇಳಿದರು, “ಕನ್ನಡದಲ್ಲಿ ‘ಕೈಬಿಡು’ ಅಂತೀವಲ್ಲ, ಅಲ್ಲಿ ಕೈ ಎಲ್ಲಿದೆ?” ನಿಜ, ಕೆಲಸ ಕೈಬಿಟ್ಟ ಅಂದರೆ ಯಾರ ಕೈಯೂ ಕಾಣುವುದಿಲ್ಲ. ನಾಮಪದ ಕ್ರಿಯಾಪದದ ಒಳಗೆ ಸೇರಿಹೋಗಿದೆ. ಹಾಗೆಯೇ ಟೇಕ್, ಕೇರ್, ಆಫ್ ಮೂರೂ ಸೇರಿ ಒಂದೇ ಕ್ರಿಯಾಪದ. ‘ಮೇಕ್ ಯೂಸ್ ಆಫ್’ ಕೂಡ ಹಾಗೇ. ವಾಕ್ಯ ತಿರುಗಿದರೂ ಮೂರೂ ಒಟ್ಟಿಗೇ ಇರಬೇಕು. ‘ಆಫ್’ ಬಿಟ್ಟರೆ ಬಾಗಿಲು ಮುಚ್ಚಿ ಅಗುಳಿ ಹಾಕದೆ ಬಂದ ಹಾಗೆ ಅಂದರು. ‘ಬೈ ಗ್ರ್ಯಾಂಡ್‌ಮದರ್’ ಅನ್ನುವುದು ಅಗುಳಿ ಹಾಕಿದ ಮೇಲೆ ಬರುವ ಮಾತು.

1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಡಿಗ್ರಿ ಆದ ಮೇಲೆ ಬೆಂಗಳೂರಿನಲ್ಲಿ ಕರಕುಶಲ ವಸ್ತು ಹೊರದೇಶಕ್ಕೆ ಕಳಿಸುವ ಒಂದು ಆಫೀಸಿಗೆ ಸೇರಿದೆ. ಪತ್ರ ಬರೆಯುವುದು, ಡಬ್ಬದ ಮೇಲಿನ ಚೀಟಿ ತಯಾರು ಮಾಡುವುದು ನನ್ನ ಕೆಲಸ. ಸರಕು ತಲುಪಿದೆ, ಹಣ ಸಂದಾಯವಾಗಿದೆ, ದೂರು ಗಮನಿಸಿದ್ದೇವೆ. ಇಂಗ್ಲಿಷ್ ಪತ್ರದಲ್ಲಿ ಇವೆಲ್ಲ ಪ್ಯಾಸಿವ್ ವಾಕ್ಯಗಳೇ. ‘ಪೇಡ್ ಫಾರ್’, ‘ಲುಕ್ಡ್ ಇನ್‌ಟು’, ‘ಅಟೆಂಡೆಡ್ ಟು’ ಅಂತ ಕೊನೆಗೆ ಒಂದು ಚಿಕ್ಕ ಪದ ನೇತಾಡುತ್ತಿರುತ್ತದೆ. ಸಾವಿರಾರು ಪತ್ರ ಬರೆದಿದ್ದೇನೆ. ಅವುಗಳಲ್ಲಿ ‘ಬೈ’ ಬಂದದ್ದು ತುಂಬ ಕಡಿಮೆ. ಮಾಡಿದವರು ಯಾರು ಅನ್ನುವುದು ದಿನದ ಇಂಗ್ಲಿಷಿನಲ್ಲಿ ಹೆಚ್ಚಾಗಿ ಮಾತಿನ ಹೊರಗೇ ಉಳಿಯುತ್ತದೆ.

ಒಮ್ಮೆ ರಜೆಗೆ ಬಂದಾಗ ಅಪ್ಪನಿಗೆ ಒಂದು ಡಬ್ಬ ತೋರಿಸಿದೆ. ಒಳಗಿದ್ದದ್ದು ಅವರದೇ ಗಿಲಕಿ. ಮೇಲಿನ ಚೀಟಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಮರದಲ್ಲಿ ಮಾಡಿದ್ದು, ಅರಗು ಹಚ್ಚಿದ್ದು, ಭಾರತದಲ್ಲಿ ತಯಾರಾದದ್ದು. ಅಪ್ಪ ಕೇಳಿಸಿಕೊಂಡು, “ಮಾಡಿದವರು ಯಾರು ಅಂತ ಇಲ್ವಾ?” ಅಂದರು. ಕೋಪ ಇರಲಿಲ್ಲ, ಸುಮ್ನೆ ಕೇಳಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ಬೈ’ ಎಲ್ಲ ಕಡೆ ಬೇಡ ಅಂತ ಮೇಷ್ಟ್ರು ಕಲಿಸಿದ್ದರು. ಮಾಡಿದವರನ್ನು ಕಾಣಿಸಬೇಕು ಅನ್ನಿಸಿದಾಗ ವಾಕ್ಯದ ಕೊನೆಗೆ ತನ್ನಿ, ಕಿವಿಯಲ್ಲಿ ನಿಲ್ಲೋದು ಅದೇ ಅಂತಲೂ ಕಲಿಸಿದ್ದರು. ಆಫೀಸಿನವರನ್ನು ಒಪ್ಪಿಸಲು ಎಂಟು ತಿಂಗಳು ಹಿಡಿಯಿತು. ಚೀಟಿಯಲ್ಲಿ ಜಾಗ ಇಲ್ಲ ಅಂದರು, ಅಕ್ಷರ ಸಣ್ಣದು ಮಾಡಿದೆ. ಕೊನೆಯ ಸಾಲಿನಲ್ಲಿ ‘ಬೈ’ ಅಂತ ಹಾಕಿ, ಗಿಲಕಿ ಮಾಡಿದವರ ಹೆಸರು ಬರೆದೆವು.

ಮೊದಲ ಡಬ್ಬ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಆಗಲೇ ನಿವೃತ್ತರಾಗಿದ್ದರು. ಕನ್ನಡಕ ಹಾಕಿಕೊಂಡು, ಡಬ್ಬವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕ್ಲಾಸಿನಲ್ಲಿ ಓದುತ್ತಿದ್ದ ಹಾಗೇ ಜೋರಾಗಿ ಓದಿದರು. ‘ಆಫ್’ ಆಯಿತು, ‘ವಿತ್’ ಆಯಿತು, ‘ಇನ್’ ಆಯಿತು. ಕೊನೆಯ ಸಾಲಿಗೆ ಬಂದು ನಿಂತರು.

“ಅಪ್ಪ ಈಗಲೂ ಕೆಲಸ ಮಾಡ್ತಾರೇನಮ್ಮ?”

“ಬೆಳಗ್ಗೆ ಹೊತ್ತು ಒಂದೆರಡು ಗಂಟೆ ಸಾರ್. ಆ ಹಸಿರು ಗೆರೆ ಮಾತ್ರ ಇನ್ಯಾರಿಗೂ ಬಿಡಲ್ಲ.”